ಎಮ್ಮೆ ಕಟ್ಟುವ ಜಾಗ

"ಸಂಕದ ಮೇಲೆ ಬೇಡ, ಹಳ್ಳಕ್ಕೇ ಇಳೀರಿ" ಎನ್ನುತ್ತಾರೆ ಮುಂದೆ ನಡೆಯುತ್ತಿರುವ ಅಜ್ಜ. ಎರಡು ಅಡಿಕೆ ಮರ ಜೋಡಿಸಿ ಹಾಸಿದ ಕಾಲುಸಂಕ ಬರಿಗೈಯಲ್ಲಿ ದಾಟುವವರಿಗೆ ಸಾಕು. ಬಿದಿರಿನ ಗಳುವಿಗೆ ಹಗ್ಗ ಹಾಕಿ ತೂಗುಬಿಟ್ಟಿರುವ ಬ್ಯಾಟರಿಯನ್ನು ಅದು ತಾಳುವುದು ಅನುಮಾನ. ಒಂದೊಂದೂ ಐವತ್ತು ಕಿಲೋ ಮೀರಿದ ಭಾರ. ಒಳಗೆ ಸೀಸ, ಆಸಿಡ್. ವಾಲಿದರೆ ಮುಚ್ಚಳದ ಸಂದಿಯಿಂದ ಜಿನುಗಿ ಹೊತ್ತವರ ಹೆಗಲು ಸುಡುತ್ತದೆ. ಏಪ್ರಿಲ್ ಬಿಸಿಲಿಗೆ ಹಳ್ಳ ಬಡಕಲಾಗಿದೆ, ಕಲ್ಲುಗಳ ಪಾಚಿ ಮಾತ್ರ ಇನ್ನೂ ಹಸಿ. ಊರಿನ ನಾಲ್ವರು ಯುವಕರು ಬರಿಗಾಲಲ್ಲಿ ಒಂದೊಂದೇ ಕಲ್ಲು ನೋಡಿಕೊಂಡು ಇಳಿಯುತ್ತಾರೆ. ಟ್ರೆಕ್ಕಿಂಗ್ ಬೂಟು ಹಾಕಿಕೊಂಡ ನಾನು ಎರಡನೇ ಕಲ್ಲಿಗೇ ಜಾರಿ ಕೂರುತ್ತೇನೆ. ಪುಣ್ಯಕ್ಕೆ ನನ್ನ ಕೈಯಲ್ಲಿರುವುದು ಬಲ್ಬಿನ ಪೊಟ್ಟಣ ಮಾತ್ರ.

ಜೀಪು ನಿಂತದ್ದು ಮೂರು ಕಿಲೋಮೀಟರ್ ಹಿಂದೆ. ಅದಕ್ಕೂ ಮುಂಚೆ, ಬೆಳಗಿನ ಮಂಜು ಕರಗುವ ಹೊತ್ತಿಗೆ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಕಂಡಿತ್ತು. 101 ಮೀಟರ್ ಎತ್ತರದ ಆ ಗೋಡೆಯ ಹಿಂದಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದೆ. ಅದರ ಬದಲಿಗೆ ತಾಲೂಕಿನ ಕೇಂದ್ರವಾದದ್ದು ಜೊಯಿಡಾ. ಕಾಳಿ ಹುಟ್ಟುವುದು ಇದೇ ತಾಲೂಕಿನಲ್ಲಿ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವಷ್ಟರಲ್ಲಿ ಅದು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಟರ್ಬೈನು ತಿರುಗಿಸುತ್ತದೆ. ದಡದಲ್ಲೇ ಕೈಗಾ ಅಣುಸ್ಥಾವರದ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಆ ನದಿಯ ಮೇಲ್ದಂಡೆಯ ಕಾಡಿನೊಳಗೆ ನಾವು ಒಯ್ಯುತ್ತಿರುವ ಸೋಲಾರ್ ಪ್ಯಾನೆಲ್‌ಗಳದ್ದು ಒಟ್ಟು 660 ವ್ಯಾಟ್.

ಯಾಕೆ ಹೀಗೆ ಎಂದು ಬೆಂಗಳೂರಿನ ಹುಡುಗಿಯೊಬ್ಬಳು ಏದುಸಿರಿನ ನಡುವೆ ಕೇಳುತ್ತಾಳೆ. ಉತ್ತರ ಹೇಳುವವರು ನಮ್ಮ ತಂಡದ ನಿವೃತ್ತ ಲೈನ್‌ಮನ್. ಅವರು ಅರ್ಧ ಜೀವಮಾನ ಘಟ್ಟದ ಕಂಬ ಹತ್ತಿದವರು. "ಇದು ಹುಲಿ ಕಾಡು. ಕಂಬ ನೆಡ್ಬೇಕಾದ್ರೆ ಮರ ಕಡೀಬೇಕು, ಪರ್ಮಿಶನ್ ಬೇಕು. ಪರ್ಮಿಶನ್ ಸಿಕ್ತು ಅಂತ್ಲೇ ಇಟ್ಕೊಳಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದ್ರೆ ಇಪ್ಪತ್ಮೂರು ಮನೆಗಾಗಿ ಯಾರು ಬರ್ತಾರೆ? ನಾನೇ ಹೋಗ್ತಿರ್ಲಿಲ್ಲ." ಕೊನೆಯ ಮಾತಿಗೆ ಎಲ್ಲರೂ ನಗುತ್ತಾರೆ, ಅವರೊಬ್ಬರನ್ನು ಬಿಟ್ಟು.

ಹತ್ತೂವರೆಗೆ ಊರು. ಊರೆಂದರೆ ಗದ್ದೆಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಕುಣಬಿ ಮನೆ, ಒಂದು ದೇವರ ಬನ, ಚಿರೆಕಲ್ಲಿನ ಹಂಚಿನ ಕಟ್ಟಡ. ಕಟ್ಟಡದ ಒಂದು ಕೋಣೆ ಕಿರಿಯ ಪ್ರಾಥಮಿಕ ಶಾಲೆ, ಇನ್ನೊಂದು ಅಂಗನವಾಡಿ. ನರ್ಸಮ್ಮ ಲಸಿಕೆ ಹಾಕಲು ಬಂದರೆ ಅದೇ ಆಸ್ಪತ್ರೆ, ಚುನಾವಣೆ ಬಂದರೆ ಅದೇ ಮತಗಟ್ಟೆ. ಒಳಗೆ ಕಾಲಿಟ್ಟ ಇಂಜಿನಿಯರಿಂಗ್ ವಿದ್ಯಾರ್ಥಿ ಗೋಡೆ ನೋಡಿ ನಿಂತುಬಿಡುತ್ತಾನೆ. ಸ್ವಿಚ್ ಬೋರ್ಡ್ ಇದೆ. ಹೋಲ್ಡರ್ ಇದೆ. ಫ್ಯಾನಿನ ಕೊಕ್ಕೆಯೂ ಇದೆ. ಕಟ್ಟಡದ ಅಂದಾಜುಪಟ್ಟಿಯಲ್ಲಿ ವೈರಿಂಗ್ ಇತ್ತು, ಮಾಡಿ ಹೋಗಿದ್ದಾರೆ. ಮಕ್ಕಳು ಸ್ವಿಚ್ಚನ್ನು ಟಕ್ ಟಕ್ ಎಂದು ಒತ್ತಿ ಆಡುತ್ತಾರೆ, ಪ್ಲಗ್ಗಿನ ತೂತುಗಳಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದೆ. 2004ರ ವ್ಯಾಖ್ಯೆಯ ಪ್ರಕಾರ ಒಂದು ಹಳ್ಳಿಗೆ ವಿದ್ಯುತ್ ಬಂತೆನ್ನಲು ಶಾಲೆ, ಪಂಚಾಯಿತಿ, ಆರೋಗ್ಯ ಕೇಂದ್ರಗಳಂಥ ಸಾರ್ವಜನಿಕ ಜಾಗಗಳ ಜೊತೆಗೆ ಶೇಕಡಾ 10ರಷ್ಟು ಮನೆಗಳಿಗೆ ಬಂದಿದ್ದರೆ ಸಾಕಿತ್ತು. ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ 2018ರ ಏಪ್ರಿಲ್ 28ರಂದು ದೀಪ ಬಂದಾಗ ದೇಶದ ಎಲ್ಲ ಹಳ್ಳಿಗಳೂ ಬೆಳಗಿದವೆಂದು ಘೋಷಣೆಯಾಯಿತು. ನಮ್ಮ ಲೈನ್‌ಮನ್ ಸ್ಕ್ರೂಡ್ರೈವರಿನ ತುದಿಯಿಂದ ಕಣಜದ ಮಣ್ಣು ಕೆದಕುತ್ತಿದ್ದಾರೆ.

ಅಂಗಳದ ಮೂಲೆಯಲ್ಲಿ ಇನ್ನೊಂದು ಕಾಣಿಸುತ್ತದೆ. ನಾಲ್ಕು ಕಲ್ಲಿನ ಮೇಲೆ ಅಡ್ಡಡ್ಡ ಮಲಗಿಸಿದ ಹಳೆಯ ಸೋಲಾರ್ ಪ್ಯಾನೆಲ್. ಅದರ ಗಾಜಿನ ಮೇಲೆ ಮುರುಗಲು ಸಿಪ್ಪೆ ಒಣಗುತ್ತಿದೆ, ಗಾಢ ಕೆಂಪು, ಹುಳಿ ವಾಸನೆ. ಹಿಂದೆ ಯಾರೋ ಬಂದು ಹಾಕಿ, ಫೋಟೋ ತೆಗೆಸಿಕೊಂಡು ಹೋಗಿದ್ದರಂತೆ. ಎರಡು ಮಳೆಗಾಲ ಉರಿಯಿತು, ಆಮೇಲೆ ಬ್ಯಾಟರಿ ಸತ್ತಿತು. "ಮುರುಗಲು ಒಣಗಿಸ್ಲಿಕ್ಕೆ ಚಲೋ ಉಂಟು. ಬೇಗ ಬಿಸಿ ಆಗ್ತದೆ" ಎನ್ನುತ್ತಾಳೆ ಅಂಗನವಾಡಿ ಸಹಾಯಕಿ, ಸಿಪ್ಪೆ ಮಗುಚಿ ಹಾಕುತ್ತ. ಅವಳ ಮಾತಿನಲ್ಲಿ ಚುಚ್ಚು ಇಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೆಲಸ ಶುರು. ವಾರದ ಹಿಂದೆಯೇ ಮೇಸ್ತ್ರಿ ಬಂದು ಅಂಗಳದ ಪಶ್ಚಿಮಕ್ಕೆ ಸಿಮೆಂಟಿನ ಎರಡು ಬುನಾದಿ ಹಾಕಿ ಬೋಲ್ಟ್ ಎಬ್ಬಿಸಿ ಹೋಗಿದ್ದಾನೆ. ಹಂಚಿನ ಮೇಲೆ ಪ್ಯಾನೆಲ್ ಬೇಡವೆಂದು ನಾನೇ ಹೇಳಿದ್ದು: ಹಂಚು ಒಡೆಯುತ್ತದೆ, ಮಂಗಗಳು ನೆಗೆಯುತ್ತವೆ, ಧೂಳು ಒರೆಸಲು ಯಾರು ಮಾಡು ಹತ್ತಬೇಕು? ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತೇವೆ, ಮುಖ ದಕ್ಷಿಣಕ್ಕೆ, ಓರೆ ಸುಮಾರು ಹದಿನೈದು ಡಿಗ್ರಿ; ಈ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಅಷ್ಟೇ ದೂರದಲ್ಲಿದೆ. ಆ ಓರೆಯಲ್ಲಿ ಮಳೆ ಬಂದಾಗ ಗಾಜು ತಾನಾಗಿ ತೊಳೆದುಹೋಗುತ್ತದೆ. ಇನ್ನೊಂದು ಕಡೆ ಹುಡುಗರು ಅರ್ತಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುತ್ತಾರೆ. ಮಳೆ ಕಾಲಿಡುವ ಮುಂಚೆ ಇಲ್ಲಿ ಸಿಡಿಲಿನ ಆರ್ಭಟ ಜೋರು.

ಪ್ಯಾನೆಲ್‌ಗೆ ಸ್ವಿಚ್ ಇರುವುದಿಲ್ಲ. ಬಿಸಿಲು ಬಿದ್ದರೆ ಸಾಕು, ತಂತಿಯ ತುದಿಯಲ್ಲಿ ಕರೆಂಟು ಕಾದು ಕೂತಿರುತ್ತದೆ. ಅದಕ್ಕೇ ಜೋಡಿಸುವಾಗ ಮೇಲೆ ಕಂಬಳಿ ಹೊದಿಸುತ್ತೇವೆ. ಮಕ್ಕಳಿಗೆ ಇದು ಭಾರೀ ತಮಾಷೆ: ಸೂರ್ಯನ ಯಂತ್ರಕ್ಕೆ ಚಳಿಯೇ? ಮೊದಲು ಬ್ಯಾಟರಿಯಿಂದ ಇನ್ವರ್ಟರ್‌ಗೆ, ಆಮೇಲೆ ಪ್ಯಾನೆಲ್‌ನಿಂದ. ಈ ಕ್ರಮ ತಪ್ಪಿದರೆ ಚಾರ್ಜ್ ಕಂಟ್ರೋಲರ್ ಸುಟ್ಟೀತು. ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ ಇಪ್ಪತ್ತನಾಲ್ಕು. ಒಂದರ ಪ್ಲಸ್, ಇನ್ನೊಂದರ ಮೈನಸ್. ಲೈನ್‌ಮನ್ ಪ್ರತಿ ನಟ್ಟನ್ನೂ ಬಿಗಿದು, ಮತ್ತೆ ಮುಟ್ಟಿ ನೋಡಿ, ವ್ಯಾಸಲೀನು ಸವರುತ್ತಾರೆ. ತುಕ್ಕು ಹಿಡಿಯದಿರಲಿ ಎಂದು.

ಎರಡು ಗಂಟೆಗೆ ಕಂಬಳಿ ಎಳೆಯುತ್ತೇವೆ. ಮೀಟರಿನಲ್ಲಿ ಅಂಕಿ ಜಿಗಿಯುತ್ತದೆ. ಸ್ವಿಚ್ ಒತ್ತಿದರೆ ಬಲ್ಬು ಹೊತ್ತಿದೆ, ಆದರೆ ಹೊರಗಿನ ಬೆಂಕಿಯಂಥ ಬಿಸಿಲಿನಲ್ಲಿ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಚಪ್ಪಾಳೆಗೆಂದು ಎತ್ತಿಟ್ಟುಕೊಂಡ ನಮ್ಮ ಕೈಗಳು ಹಾಗೇ ಇಳಿಯುತ್ತವೆ. ಮಾಸ್ತರು ಊಟಕ್ಕೆ ಕರೆಯುತ್ತಾರೆ. ಗಂಜಿ, ಹಲಸಿನ ಕಾಯಿ ಪಲ್ಯ, ಮಾವಿನ ಮಿಡಿ.

ಕೈ ತೊಳೆದು ಹೊರಬರುವಾಗ ಮೂರೂಕಾಲು. ಪ್ಯಾನೆಲ್ಲಿನ ಎಡ ಅಂಚಿನಲ್ಲಿ ಒಂದು ಕಪ್ಪು ನಾಲಿಗೆ. ಐದು ನಿಮಿಷಕ್ಕೆ ಅದು ಅಂಗೈಯಷ್ಟಾಗುತ್ತದೆ, ಕಾಲು ಗಂಟೆಗೆ ಅರ್ಧ ಪ್ಯಾನೆಲ್. ಪಶ್ಚಿಮದ ಹಲಸಿನ ಮರ ತನ್ನ ನೆರಳನ್ನು ನಿಧಾನವಾಗಿ ನಮ್ಮ ಕೆಲಸದ ಮೇಲೆ ಹಾಸುತ್ತಿದೆ. ಸಾಲಾಗಿ ಪೋಣಿಸಿದ ಕೋಶಗಳಲ್ಲಿ ಕೆಲವಕ್ಕೆ ನೆರಳು ಬಿದ್ದರೂ ಸಾಕು, ಇಡೀ ಸಾಲು ಸೊರಗುತ್ತದೆ. ಮೀಟರಿನ ಅಂಕಿ ಬೀಳುತ್ತಿದೆ, ಹನ್ನೆರಡು ಆಂಪಿಯರ್, ಏಳು, ಮೂರು.

ಎಲ್ಲರೂ ನನ್ನ ಮುಖ ನೋಡುತ್ತಾರೆ. ಜಾಗ ಗುರುತಿಸಿದವನು ನಾನು. ಡಿಸೆಂಬರಿನಲ್ಲಿ ಬಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಅಂಗಳದಲ್ಲಿ ಕೂತು, ನೆರಳಿನ ಗೆರೆಗಳನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಒಂದು ಎಲೆಯ ನೆರಳೂ ಇರಲಿಲ್ಲ. ಇರುವುದಾದರೂ ಹೇಗೆ? ಆಗ ದಕ್ಷಿಣಾಯನ. ಸೂರ್ಯ ನೈಋತ್ಯಕ್ಕೆ ಇಳಿಯುತ್ತಿದ್ದ, ಹಲಸಿನ ನೆರಳು ಶಾಲೆಯ ಹಿಂದಕ್ಕೆ ಬೀಳುತ್ತಿತ್ತು. ಈಗ ಅವನು ನೇರ ಪಶ್ಚಿಮಕ್ಕೆ ಬಂದಿದ್ದಾನೆ. ಸಂಕ್ರಾಂತಿಗೆ ಎಳ್ಳು ಬೀರುತ್ತ ಬೆಳೆದವನಿಗೆ ಸೂರ್ಯ ಉತ್ತರಕ್ಕೆ ಸರಿಯುತ್ತಾನೆಂದು ಇನ್ಯಾರು ಹೇಳಬೇಕಿತ್ತು?

ಅಜ್ಜ ಬಂದು ನನ್ನ ಪಕ್ಕ ನಿಲ್ಲುತ್ತಾರೆ. ಕವಳದ ರಸ ಉಗಿದು, ನೆರಳು ನೋಡಿ, "ಇದು ನಮ್ಮ ಎಮ್ಮೆ ಕಟ್ಟೂ ಜಾಗ" ಎನ್ನುತ್ತಾರೆ.

"ಹಾಂ?"

"ಶಿಗ್ಮೊ ಹಬ್ಬ ಮುಗಿದ ಮೇಲೆ ಮಳೆ ಬರೂವರೆಗೆ ಇಲ್ಲೇ ಕಟ್ಟೂದು. ಮಧ್ಯಾಹ್ನದ ಮೇಲೆ ತಂಪು ಇರ್ತದೆ."

"ಅಜ್ಜ, ಮೇಸ್ತ್ರಿ ಗುಂಡಿ ತೋಡುವಾಗ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ಎಮ್ಮೆ ಬೇರೆ ಕಡೆ ಕಟ್ಟಿ ಅಂದ."

ನಗಬೇಕೋ ಅಳಬೇಕೋ. ಇಂಜಿನಿಯರಿಂಗ್ ಹುಡುಗ ಮೆಲ್ಲಗೆ, ಎರಡು ಕೊಂಬೆ ಕಡಿದರೆ ಆಗುತ್ತದಲ್ಲವೇ ಎನ್ನುತ್ತಾನೆ. ಕೊಂಬೆ ತುಂಬ ಕಾಯಿ. ಅಜ್ಜ ಅವನ ಮುಖವನ್ನು ಒಮ್ಮೆ ನೋಡುತ್ತಾರೆ, ಅಷ್ಟೇ. ಅವನು ಸ್ಪ್ಯಾನರ್ ತೆಗೆದುಕೊಂಡು ಬೋಲ್ಟ್ ಬಿಚ್ಚಲು ಕೂರುತ್ತಾನೆ. "ಧ್ವಜದ ಕಂಬದ ಆಚೆ ಹಾಕಿ" ಎಂದು ಜಾಗ ತೋರಿಸುವವಳು ಸಹಾಯಕಿ. "ಅಲ್ಲಿ ಹಪ್ಪಳ ಒಣಗಿಸ್ತೇವೆ. ಸಂಜೆವರೆಗೂ ಬಿಸಿಲು." ಹಾರೆ, ಗುದ್ದಲಿ ಬರುತ್ತವೆ. ಹೊಸ ಗುಂಡಿಗೆ ಚಿರೆಕಲ್ಲು, ಸಿಮೆಂಟು. ಅದು ಗಟ್ಟಿಯಾಗುವವರೆಗೆ ಪ್ಯಾನೆಲ್‌ಗಳನ್ನು ಕಲ್ಲಿಗೊರಗಿಸಿ ತಂತಿ ಬಿಗಿದು ನಿಲ್ಲಿಸುವುದು. ಕತ್ತಲಾಗುವ ಮುಂಚೆ ಮುಗಿಯುತ್ತದೆ.

ರಾತ್ರಿ ಸಭೆ. ಆರು ಬಲ್ಬು, ಒಂಬತ್ತೊಂಬತ್ತು ವ್ಯಾಟಿನವು. ಜನರ ಮುಖಕ್ಕಿಂತ ಮೊದಲು ಗೋಡೆ ಬೆಳಗಿದೆ: ಕ, ಖ, ಗ, ಹಣ್ಣುಗಳ ಚಿತ್ರ, ಬೆಂಚಿನ ಮೇಲೆ ಯಾರೋ ಕೆತ್ತಿದ ಹೆಸರು. ಪತಂಗಗಳು ಸುದ್ದಿ ತಿಳಿದು ಬಂದಿವೆ. ತಿಂಗಳಿಗೆ ಮನೆಗೆ ಮೂವತ್ತು ರೂಪಾಯಿ ಎಂಬ ಮಾತು ನಾವು ಎತ್ತಿದ ಕೂಡಲೇ ಹಿಂದಿನಿಂದ ದನಿ ಬರುತ್ತದೆ. "ಸರಕಾರದ ಕಟ್ಟಡ. ನಾವ್ಯಾಕೆ ಕೊಡೂದು?"

ಪ್ರಶ್ನೆ ಸರಿಯಾದದ್ದೇ. ಪಟ್ಟಣದ ಶಾಲೆಯ ಬಲ್ಬಿಗೆ ಅಲ್ಲಿನ ತಂದೆತಾಯಿ ಚಂದಾ ಎತ್ತುವುದಿಲ್ಲ. ನನ್ನ ಹತ್ತಿರ ಉತ್ತರವಿಲ್ಲ, ಲೆಕ್ಕವಿದೆ: 23 ಮನೆ, ಮೂವತ್ತು ರೂಪಾಯಿ, ಐದು ವರ್ಷಕ್ಕೆ 41,400. ಬ್ಯಾಟರಿ ಸಾಯುವುದು ಹೆಚ್ಚುಕಡಿಮೆ ಆ ಹೊತ್ತಿಗೇ, ಹೊಸ ಜೋಡಿಗೆ ಮೂವತ್ತು ಸಾವಿರದ ಆಸುಪಾಸು. 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಇದೇ ಕರ್ನಾಟಕದಲ್ಲಿ ವಾದಿಸುತ್ತ ಬಂದದ್ದು, ಬಡವರು ಸೋಲಾರ್ ಕೊಳ್ಳಲಾರರು, ನೋಡಿಕೊಳ್ಳಲಾರರು ಎಂಬುದು ಸುಳ್ಳು ಎಂದು. ನಾನು ಅದನ್ನೆಲ್ಲ ಹೇಳುವ ಮುಂಚೆ ಲೈನ್‌ಮನ್ ಎದ್ದು ನಿಂತು ಬಾಗಿಲಾಚೆ ಕೈ ತೋರಿಸುತ್ತಾರೆ. "ಅಲ್ಲಿ ಮುರುಗಲು ಒಣಗ್ತಾ ಉಂಟು ನೋಡಿ. ಇದರ ಮೇಲೂ ಒಣಗಿಸ್ಬೇಕಾದ್ರೆ ಕೊಡ್ಬೇಡಿ."

ಆಮೇಲೆ ಜಗಳ ನಿಜವಾಗಿ ಹತ್ತಿಕೊಳ್ಳುತ್ತದೆ, ಕುಣಬಿ ಕೊಂಕಣಿಯಲ್ಲಿ. ನಮಗೆ ಅರ್ಥವಾಗುವುದು ಅಲ್ಲೊಂದು ಇಲ್ಲೊಂದು ಮಾತು. ಮೊಬೈಲ್ ಚಾರ್ಜ್ ಮಾಡಬಹುದೇ? ಎಷ್ಟು ಮೊಬೈಲು? ಎರಡು ಫೋನ್ ಇರುವ ಮನೆಗೆ ಅರವತ್ತೇ? ಮೂಲೆಯಲ್ಲಿ ಕೂಸು ಮಲಗಿಸಿಕೊಂಡು ಕೂತ ಹೆಂಗಸು ಒಮ್ಮೆಗೇ ಕನ್ನಡಕ್ಕೆ ಹೊರಳಿ ನಮ್ಮನ್ನು ಕೇಳುತ್ತಾಳೆ: "ರಾತ್ರಿ ಹೆರಿಗೆ ನೋವು ಬಂದ್ರೆ ಇದರ ಕೀಲಿ ಯಾರ ಹತ್ರ?"

ನಾವು ತಂದ ಹನ್ನೆರಡು ಪುಟದ ಕೈಪಿಡಿಯಲ್ಲಿ ಕೀಲಿಯ ಸುದ್ದಿಯಿಲ್ಲ.

ಕೀಲಿ ಸಹಾಯಕಿಗೆ ಹೋಗುತ್ತದೆ. ಅವಳ ಮನೆ ಹತ್ತಿರ, ಅವಳು ಎಲ್ಲಿಗೂ ಹೋಗುವವಳಲ್ಲ. ನಾವು ಪಟ್ಟಿಯಲ್ಲಿ ಬರೆದುಕೊಂಡು ಬಂದದ್ದು ಐಟಿಐ ಓದಿದ ಹುಡುಗನ ಹೆಸರನ್ನು. ಅವನಿಗೆ ಜೂನಿನಲ್ಲಿ ಗೋವೆಯಲ್ಲಿ ಕೆಲಸ ಸಿಗುವುದಿದೆಯಂತೆ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಸಂಸ್ಥೆ ಕಟ್ಟಿದ ಬಂಕರ್ ರಾಯ್, ಆಫ್ರಿಕದ ಹಳ್ಳಿಗಳಿಂದ ಅಜ್ಜಿಯರನ್ನೇ ಕರೆಸಿ ಸೋಲಾರ್ ಕಲಿಸಿದ್ದು ಈ ಕಾರಣಕ್ಕೆ. ಸರ್ಟಿಫಿಕೇಟ್ ಸಿಕ್ಕ ಗಂಡಸು ಪಟ್ಟಣಕ್ಕೆ ನಡೆಯುತ್ತಾನೆ. ಓದಿ ಗೊತ್ತಿತ್ತು. ಆದರೂ ಪಟ್ಟಿಯಲ್ಲಿ ಹುಡುಗನ ಹೆಸರನ್ನೇ ಬರೆದಿದ್ದೆವು.

ಬೆಳಗಿನ ಆರು ಗಂಟೆ. ಶಾಲೆಯ ಜಗಲಿಯಲ್ಲಿ ಮಲಗಿದ್ದ ನಾವು ಏಳುವ ಮುಂಚೆ ಸಹಾಯಕಿ ಬಂದಿದ್ದಾಳೆ. ಹನ್ನೆರಡು ಮುಚ್ಚಳ, ಹನ್ನೆರಡು ತೇಲುಕಡ್ಡಿ. ಒಂದೊಂದನ್ನೂ ಬಗ್ಗಿ ನೋಡುತ್ತಾಳೆ. ಕೆಂಪು ಗೆರೆಗೆ ಇಳಿದರೆ ಬ್ಯಾಟರಿ ನೀರು ಹಾಕಬೇಕು.

"ಹೊಳೆ ನೀರು ಹಾಕಿದ್ರೆ?"

"ಬೇಡ ಅಕ್ಕ. ಉಪ್ಪು, ಸುಣ್ಣ ಇರ್ತದೆ. ಬಾಟ್ಲಿ ನೀರೇ ಆಗ್ಬೇಕು."

"ಕುಡೀಲಿಕ್ಕೆ ನಮಗೆ ಹೊಳೆ ನೀರು, ಇದಕ್ಕೆ ಬಾಟ್ಲಿ ನೀರು" ಎಂದು ಅವಳು ನಗುತ್ತಾಳೆ. ಮೀಟರಿನ ಅಂಕಿ ಓದಿ, ಮಕ್ಕಳ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಾಳೆ: 24.9. ಇಪ್ಪತ್ತನಾಲ್ಕಕ್ಕಿಂತ ಕೆಳಗಿಳಿದರೆ ಮೊದಲು ಟಿವಿ, ಆಮೇಲೆ ಫ್ಯಾನು ಬಂದ್. ಆಷಾಢದಲ್ಲಿ ಇಲ್ಲಿ ಸೂರ್ಯ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಆಗ ಒಂದೇ ಬಲ್ಬು. ಯಾವುದೆಂದು ಅವಳೇ ನಿರ್ಧರಿಸಿದ್ದಾಳೆ, ಜಗಲಿಯದು. ಒಳಗಿನದು ಬೇಡವೇ ಎಂದರೆ, ದಾರಿಗೆ ಕಾಣಬೇಕಲ್ಲ ಎನ್ನುತ್ತಾಳೆ.

ಗಂಟುಮೂಟೆ ಕಟ್ಟಿ ಅಂಗಳಕ್ಕಿಳಿಯುತ್ತೇವೆ. ಹಲಸಿನ ಮರದ ಬಳಿ ಎಮ್ಮೆ ಮೆಲುಕು ಹಾಕುತ್ತ ನಿಂತಿದೆ. ಹಗ್ಗ ನಮ್ಮ ಬುನಾದಿಯ ಬೋಲ್ಟಿಗೆ ಬಿಗಿದಿದೆ. ಅಜ್ಜ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ ನನ್ನ ಕಡೆ ತಿರುಗುತ್ತಾರೆ.

"ಗಟ್ಟಿ ಹಾಕಿದ್ದಾನೆ ಮೇಸ್ತ್ರಿ."