ಚೀಟಿಯಲ್ಲಿ ಬರೆಯದ ಕಣ್ಣು
ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ನಮ್ಮ ಕಾಕಾ ಒಂದು ಮುಂಜಾನೆ ಎದ್ದಾಗ ಬಾಯಿ ಸೊಟ್ಟಾಗಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ. ‘ಗಾಳಿ ಬಡದೈತಿ’ ಅಂದರು ಓಣಿಯವರು. ನಾವು ಲಕ್ವಾ ಅಂತ ಹೆದರಿ ದವಾಖಾನೆಗೆ ಓಡಿದೆವು.

ಡಾಕ್ಟರು ಹುಬ್ಬು ಏರಿಸಲು ಹೇಳಿದರು. ಹಣೆಯ ಬಲಕ್ಕೆ ನೆರಿಗೆಯೇ ಮೂಡಲಿಲ್ಲ. ಮಿದುಳಿನ ಲಕ್ವಾದಲ್ಲಿ ಸಾಮಾನ್ಯವಾಗಿ ಹಣೆ ಉಳಿಯುತ್ತದೆ. ಇದು ಮುಖದ ನರದ್ದು, ಬೆಲ್ಸ್ ಪಾಲ್ಸಿ. ಸ್ಟೀರಾಯ್ಡ್ ಗುಳಿಗೆ 72 ಗಂಟೆಯೊಳಗೆ ಶುರುವಾಗಬೇಕು, ಅಂದೇ ಕೊಟ್ಟರು. ಅಲ್ಲಿಯವರೆಗೆ ಎಲ್ಲ ಸರಿ.

ಚೀಟಿಯಲ್ಲಿ ಜಿ 51.0 ಎಂಬ ಕೋಡ್ ಮಾತ್ರ ಇತ್ತು. ಅದು ಮುಖದ ರೋಗದ್ದು. ರೆಪ್ಪೆ ಮುಚ್ಚದಿರುವುದಕ್ಕೆ ಐಸಿಡಿ-10ರಲ್ಲಿ ಬೇರೆ ಕೋಡ್ ಇದೆ: ಎಚ್ 02.2. ಅದನ್ನು ಅವರು ಬರೆಯಲಿಲ್ಲ, ಕಣ್ಣಿಗೆ ಹನಿಯನ್ನೂ ಕೊಡಲಿಲ್ಲ. ಸುದ್ದಿ ಬರೆಯುವ ನಾವೂ ಕೇಳಲಿಲ್ಲ.

ಐದನೇ ದಿನ ಕಾಕಾ ಮಗ್ಗದ ಮುಂದೆ ನಿಂತರು. ಹತ್ತಿ ದೂಳು. ಸಂಜೆಗೆ ಕಣ್ಣು ಕೆಂಡ. ಕಣ್ಣಿನ ಡಾಕ್ಟರು ಮೆಲ್ಲಗೆ ಮುಚ್ಚಿಸಿ, ಉಳಿದ ಸಂದಿಯನ್ನು ಮಿಲಿಮೀಟರಿನಲ್ಲಿ ಅಳೆದರು. ಕರಿಗುಡ್ಡೆಯ ಮೇಲೆ ಗಾಯವಾಗಿತ್ತು. ‘ಹಗಲು ಹನಿ ಹಾಕ್ರಿ, ರಾತ್ರಿ ಮುಲಾಮು ಹಚ್ಚಿ ರೆಪ್ಪಿಗೆ ಟೇಪ್ ಅಂಟಸ್ರಿ’ ಅಂದರು. ಯಾವ ಕಣ್ಣು, ಎಷ್ಟು ಸಂದಿ, ಎರಡೂ ಕೋಡ್, ಎಲ್ಲ ಬರೆದರು.

ಮೊದಲು ವಿಮೆಯವರು ಕಣ್ಣಿನ ಬಿಲ್ಲು ವಾಪಸ್ ಕಳಿಸಿದ್ದರು. ಹೊಸ ಚೀಟಿ ಲಗತ್ತಿಸಿದ ಮೇಲೆ ತಗೊಂಡರು. ಮೂರು ತಿಂಗಳಿಗೆ ರೆಪ್ಪೆ ಕೂಡಿತು. ಬಿಳಿ ಕಲೆ ಇನ್ನೂ ಇದೆ. ಎಳೆ ಪೋಣಿಸುವಾಗ ಕಾಕಾ ಈಗ ಎಡಕ್ಕೆ ವಾಲುತ್ತಾರೆ.