ಫ್ರೆಂಚ್ ರಾಕ್ಸ್‌ನಿಂದ ವರ್ಸೈಗೆ

ಪ್ಯಾರಿಸ್ಸಿನಿಂದ ವರ್ಸೈ ಅರಮನೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಮೆಜೆಸ್ಟಿಕ್‌ನಿಂದ ಕೆಂಗೇರಿ ದಾಟಿದಷ್ಟು. ಕಳೆದ ಜೂನ್‌ನಲ್ಲಿ ತಮ್ಮ ನನ್ನನ್ನೂ ಅಮ್ಮನನ್ನೂ ಲೋಕಲ್ ರೈಲಿನಲ್ಲಿ ಕರೆದೊಯ್ದ. ಅವನು ಅಲ್ಲಿ ನೆಲೆಸಿ ಹನ್ನೊಂದು ವರ್ಷ. ಅಪ್ಪ ಹೋದ ಮೇಲೆ ರಾಜಾಜಿನಗರದ ಮನೆಯಲ್ಲಿ ಅಮ್ಮ ಒಬ್ಬಳೇ. ಮನೆ ಮಾರಿ ಅವಳು ತನ್ನ ಜೊತೆ ಬಂದಿರಲಿ ಎಂಬುದು ಅವನ ಹಟ. ಅರಮನೆ ತೋರಿಸುವುದರ ಹಿಂದೆ ಆ ಆಸೆಯೂ ಇತ್ತೆಂದು ನನಗೆ ಗೊತ್ತಿತ್ತು. ಅಮ್ಮನಿಗೂ.

ಅಮ್ಮನ ತವರು ಪಾಂಡವಪುರ. ಅವಳ ಬಾಲ್ಯದಲ್ಲಿ ಹಿರಿಯರ ಬಾಯಲ್ಲಿ ಅದಿನ್ನೂ ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟ ಊರೆಂದು ಆ ಹೆಸರು. "ಅವರು ನಮ್ಮೂರಿಗೆ ಬಂದಿದ್ರು, ಈಗ ನಾನು ಬಂದೆ, ಲೆಕ್ಕ ಚುಕ್ತಾ" ಎಂದಳು ರೈಲಿನಲ್ಲಿ.

ನಾನು ಕಾದಿದ್ದದ್ದು ಹರ್ಕ್ಯುಲಿಸ್ ಸಭಾಂಗಣಕ್ಕೆ. 1788ರ ಆಗಸ್ಟ್ 10ರಂದು ಟಿಪ್ಪುವಿನ ರಾಯಭಾರಿಗಳಾದ ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್ ಹದಿನಾರನೇ ಲೂಯಿಯನ್ನು ಕಂಡದ್ದು ಇಲ್ಲೇ. 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದವರು ತುಲೋನ್ ಬಂದರು ಮುಟ್ಟಿದಾಗ ಮರುವರ್ಷದ ಜೂನ್. ಬ್ರಿಟಿಷರ ವಿರುದ್ಧ ಸೇನೆಯ ನೆರವು ಬೇಕಿತ್ತು. ಜೊತೆಗೆ ಕುಶಲಕರ್ಮಿಗಳು, ವೈದ್ಯರು, ಹೂಗಿಡಗಳ ಬೀಜ. ಸೇನೆಯ ಮಾತು ಫಲಿಸಲಿಲ್ಲ, ಲೂಯಿಯ ಬೊಕ್ಕಸವೇ ಬರಿದಾಗಿತ್ತು. ಮರುವರ್ಷದ ಅಕ್ಟೋಬರ್‌ನಲ್ಲಿ ಜನ ಅವನನ್ನೇ ಇಲ್ಲಿಂದ ಪ್ಯಾರಿಸ್ಸಿಗೆ ಎಳೆದೊಯ್ದರು. (ದರ್ವೇಶ್ ಖಾನರನ್ನು ನೋಡಿ ಎಲಿಜಬೆತ್ ವಿಜೆ ಲ ಬ್ರನ್ ಬರೆದ ಆಳೆತ್ತರದ ಚಿತ್ರ 2019ರ ಹರಾಜಿನಲ್ಲಿ 70 ಲಕ್ಷ ಡಾಲರ್ ದಾಟಿತು. ರಾಯಭಾರಕ್ಕಿಂತ ಚಿತ್ರವೇ ಗೆದ್ದಿತು ಅನ್ನಬೇಕು.)

ಇದನ್ನೆಲ್ಲ ಹೇಳಿದರೆ ಅಮ್ಮ ಹಿಡಿದದ್ದು ಒಂದೇ ಮಾತು: "ಅಷ್ಟು ದೂರ ಕಳಿಸಿ ಬೀಜ ಕೇಳಿದ್ನಾ?"

"ಹೂಂ, ಲಾಲ್‌ಬಾಗ್ ಬೆಳೀತಿದ್ದ ಕಾಲ ಅದು."

"ಬುದ್ಧಿವಂತ" ಅಂದಳು.

ಕನ್ನಡಿಗಳ ಹಜಾರದಲ್ಲಿ 357 ಕನ್ನಡಿಗಳಿವೆ. ನಮಗೆ ಕಂಡದ್ದು ಫೋನ್ ಎತ್ತಿ ಹಿಡಿದ ಕೈಗಳು.

ಆಂದ್ರೆ ಲ ನೋತ್ರ್ ಹದಿನಾಲ್ಕನೇ ಲೂಯಿಗಾಗಿ ರೂಪಿಸಿದ ಉದ್ಯಾನವನ್ನು ಲೋಕವೇ ಹೊಗಳುತ್ತದೆ. ನನಗಂತೂ ಹಿಡಿಸಲಿಲ್ಲ, ಗಿಡಗಳನ್ನು ಸ್ಕೂಲಿನ ಪ್ರೇಯರ್‌ಗೆ ನಿಲ್ಲಿಸಿದ ಹಾಗಿದೆ. ಅಮ್ಮ ನಿಂತದ್ದು ಕಿತ್ತಳೆ ಗಿಡಗಳ ಅಂಗಳದಲ್ಲಿ. ಸಾವಿರಕ್ಕೂ ಹೆಚ್ಚು ಗಿಡ, ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ. ಕೆಲವಕ್ಕೆ ಇನ್ನೂರು ವರ್ಷ ದಾಟಿದೆ.

"ನೆಲದಲ್ಲಿ ಯಾಕೆ ನೆಟ್ಟಿಲ್ಲ?"

"ಚಳಿಗೆ ಸಾಯುತ್ತಮ್ಮ" ಎಂದ ತಮ್ಮ. "ಅಕ್ಟೋಬರ್‌ನಲ್ಲಿ ಒಳಗೆ ಸಾಗಿಸ್ತಾರೆ. ಮೇ ತಿಂಗಳಿಗೆ ಮತ್ತೆ ಈಚೆ."

ಅಮ್ಮ ಒಂದು ಪೆಟ್ಟಿಗೆಯ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದಳು. "ಚೆನ್ನಾಗೇ ಇದೆ. ನೋಡ್ಕೊಳ್ಳೋರು ಇದಾರೆ." ತಮ್ಮನ ಮುಖ ಅರಳಿತು. ನನಗೆ ಎದೆ ಧಸಕ್ಕೆಂದಿತು. ವಿಜಯನಗರದಿಂದ ಭಾನುವಾರ ಭಾನುವಾರ ಆ ಮನೆಗೆ ಹೋಗಿ ಊಟ ಮಾಡಿ ಬರುವವಳು ನಾನು. ಮಾರುವ ಮಾತು ಬಂದಾಗಲೆಲ್ಲ, ಆಸ್ತಿಗೆ ಆಸೆಪಟ್ಟಳು ಅನ್ನಿಸಿಕೊಳ್ಳಬಾರದೆಂದು, ಸುಮ್ಮನಿದ್ದವಳೂ ನಾನೇ.

ವಾಪಸು ರೈಲಿನಲ್ಲಿ ಅಮ್ಮ ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳುತ್ತಾ ಹೇಳಿದಳು: "ಮನೆ ಮಾರೋ ಮಾತು ಬೇಡ ಮಗಾ. ಮೇ ತಿಂಗಳಿಗೆ ಕರೆಸ್ಕೋ, ಚಳಿ ಶುರುವಾಗೋಕೆ ಮುಂಚೆ ಕಳಿಸಿಬಿಡು."

ತಮ್ಮ ಕಿಟಕಿಯ ಕಡೆ ತಿರುಗಿ ಕುಳಿತ. ಎರಡು ಸ್ಟೇಷನ್ ದಾಟಿದ ಮೇಲೆ ಅವಳ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆಂದು ಕೇಳಿದ.