ಘಾಟು, ಸೋಪು, ಗಾಳಿ

2020ರ ಬೇಸಗೆಯಲ್ಲಿ ನಮ್ಮ ಬೀದಿಗೆ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸುವ ವಾಹನ ಬಂದಾಗಲೆಲ್ಲ ನನ್ನಾಕೆಯ ಉಬ್ಬಸ ಕೆರಳುತ್ತಿತ್ತು. ಕೊರೋನಾ ಭಯ ಒಂದೆಡೆ, ಮದ್ದಿನ ಘಾಟು ಇನ್ನೊಂದೆಡೆ! ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೀದಿಗೆ ಸಿಂಪಡಿಸುವುದು ಬೇಡವೆಂದಿತು. ಧೂಳು, ಕಸಗಳಲ್ಲಿ ಕ್ಲೋರಿನ್ ಶಕ್ತಿಗುಂದುತ್ತದೆ. ಮನುಷ್ಯರ ಮೇಲಂತೂ ಸಲ್ಲದು. ಆದರೆ ಅದಕ್ಕೆ ಮೊದಲೇ, ಮಾರ್ಚ್ ಕೊನೆಯಲ್ಲಿ, ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ಮಕ್ಕಳೊಂದಿಗೆ ರಸ್ತೆಯಲ್ಲಿ ಕೂರಿಸಿ ಅವರ ಮೇಲೆಯೇ ಇಂಥ ದ್ರಾವಣ ಎರಚಲಾಗಿತ್ತು. ನೆನೆದರೆ ಇಂದಿಗೂ ಮನಸ್ಸು ಕುದಿಯುತ್ತದೆ.

ಸೋಪಿಗೆ ಈ ಆರ್ಭಟವಿಲ್ಲ. ಕೊರೋನಾ ವೈರಾಣುವಿನ ಹೊರಪೊರೆ ಕೊಬ್ಬಿನದು. ಪಾತ್ರೆಯ ಜಿಡ್ಡು ಬಿಡಿಸುವ ಸೋಪು ಅದನ್ನೂ ಒಡೆಯುತ್ತದೆ. 20 ಸೆಕೆಂಡು ಕೈ ಉಜ್ಜಿದರೆ ಸಾಕು. ಸ್ಯಾನಿಟೈಸರ್ ಆದರೆ ಶೇ. 60ಕ್ಕೆ ಕಡಿಮೆಯಿಲ್ಲದಷ್ಟು ಆಲ್ಕೋಹಾಲ್ ಇರಬೇಕು. ಬಟ್ಟೆಯ ಮಾಸ್ಕುಗಳನ್ನು ನಾವು ದಿನವೂ ಸೋಪಿನಲ್ಲಿ ಒಗೆದು ಬಿಸಿಲಿಗೆ ಹರವುತ್ತಿದ್ದೆವು.

ಇನ್ನು ಕೋಣೆಯ ಮಾತು. ಈ ರೋಗ ಮುಖ್ಯವಾಗಿ ಹರಡುವುದು ಸೋಂಕಿತರು ಉಸಿರು ಬಿಟ್ಟ ಗಾಳಿಯಿಂದ. ನೆಲ, ಬಾಗಿಲಹಿಡಿಗಳಿಂದ ಕಡಿಮೆ. ಕಿಟಕಿ ತೆರೆಯಲು ಕಾಸು ಬೇಕಿಲ್ಲ. ಆದರೂ ನೆಲಕ್ಕೆ ಫಿನಾಯಿಲ್ ಸುರಿದು, ಕಿಟಕಿಗಳನ್ನು ಬಿಗಿದು (ಸೊಳ್ಳೆಯ ನೆಪ ಬೇರೆ!), ಹತ್ತಾರು ಜನ ಒತ್ತಿ ಕುಳಿತ ಮನೆಗಳನ್ನು 2021ರಲ್ಲಿಯೂ ಕಂಡೆ.